ರಾಣಿಯ ಹಿಂದೆ ನಡೆದವಳು

ಉಧನಾ, ಸೂರತ್
೯ ನವೆಂಬರ್ ೨೦೨೫

ಅಣ್ಣನವರ ಪಾದಗಳಿಗೆ ಚಿದಾನಂದನ ನಮಸ್ಕಾರ.

ದೀಪಾವಳಿಗೂ ಊರಿಗೆ ಬರಲಿಲ್ಲವೆಂದು ನೀವು ಸಿಟ್ಟಾಗಿದ್ದೀರಂತೆ. ವೈನಿ ಫೋನಿನಲ್ಲಿ ಹೇಳಿದರು. ಮಂಡಿ ನೋವು ಎಂದೆ. ಸುಳ್ಳಲ್ಲ, ಖೋಲಿಯ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೇನೆ. ನಿಮ್ಮ ಜೊತೆಗೇ ಮಾತನಾಡೋಣವೆಂದರೆ ಪವರ್‌ಲೂಮಿನ ಸದ್ದು ನಿಮ್ಮ ಕಿವಿಯನ್ನು ಎಂದೋ ತಿಂದು ಹಾಕಿದೆ. ನಾನಿಲ್ಲಿ ಗಂಟಲು ಹರಿದುಕೊಂಡರೆ ಪಕ್ಕದ ಖೋಲಿಯವರು ಎದ್ದು ಬಂದಾರು, ನಿಮಗೆ ಮಾತ್ರ ಕೇಳುವುದಿಲ್ಲ. ಮೊಬೈಲಿನ ಸಣ್ಣ ಅಕ್ಷರ ನಿಮ್ಮ ಕಣ್ಣಿಗೆ ಹಿಡಿಯುವುದಿಲ್ಲ. ಅದಕ್ಕೇ ಕಾಗದ ಹಿಡಿದು ಕುಳಿತಿದ್ದೇನೆ.

ಒಂದು ಕೆಲಸ ಆಗಬೇಕು ಅಣ್ಣ. ‘ಹೊನ್ನಗಿರಿಯ ರಾಣಿ’ ಸಿನಿಮಾ ಬರುವ ಶುಕ್ರವಾರ ಜಮಖಂಡಿಗೆ ಬರುತ್ತದಂತೆ. ಹೋದ ವರ್ಷ ಚಿಕ್ಕಪಡಸಲಗಿಯ ಹೊಳೆ ದಂಡೆಯಲ್ಲಿ ಅದರ ಶೂಟಿಂಗ್ ಆದಾಗ ನಮ್ಮ ಓಣಿಯ ಹೆಂಗಸರ ಜೊತೆ ನಮ್ಮಾಕೆ ಶೇವಂತಿಯೂ ಹೋಗಿದ್ದಳು. ನೀವೂ ನೋಡಲು ಹೋಗಿದ್ದಿರಿ. ಆ ಸಂಜೆ ಆಕೆ ನನಗೆ ಫೋನ್ ಮಾಡಿ, “ರಾಣಿ ಹಿಂದ ನಡದೇನ್ರಿ. ಹೆಂಗ ಬಂದೇನಿ ಅನ್ನೂದು ಈಗ ಹೇಳಂಗಿಲ್ಲ, ಸಿನಿಮಾ ಬಂದಾಗ ನೋಡೀರಂತ” ಎಂದು ಒಂದೇ ಸಮ ನಕ್ಕಳು. ಏನು ಅಂತ ಎಷ್ಟು ಕೇಳಿದರೂ ಬಿಡಿಸಿ ಹೇಳಲಿಲ್ಲ. ಆಮೇಲೆ ಮಳೆಗಾಲ ಬಂತು, ಜ್ವರ ಬಂತು, ಆಕೆಯೇ ಹೋದಳು.

ನಾನು ಆಕೆಯನ್ನು ಕೊನೆಗೆ ನೋಡಲಿಲ್ಲ. ಹೊಳೆ ತುಂಬಿ ದಾರಿ ಬಂದ್ ಆಗಿ ಮಿರಜದಲ್ಲಿ ಸಿಕ್ಕಿಬಿದ್ದೆ. ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಎಲ್ಲರೂ ಸ್ನಾನ ಮಾಡಿದ್ದಿರಿ. ಅದನ್ನು ಮತ್ತೆ ಎತ್ತುವುದು ಬೇಡ. ಫೋಟೊಗಳಿವೆ, ಆದರೆ ಫೋಟೊ ತೆಗೆಯುವಾಗ ಆಕೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು, ಯಾವ ಫೋಟೊದಲ್ಲೂ ಆಕೆ ಆಕೆಯಂತಿಲ್ಲ. ವಿಡಿಯೊ ಮಾಡುತ್ತೇನೆಂದು ಮೊಬೈಲ್ ಎತ್ತಿದರೆ ಅಡುಗೆಮನೆಗೆ ಓಡುತ್ತಿದ್ದಳು. ಈಗ ಆಕೆ ಓಡಾಡುವುದು, ಮುಖ ತಿರುಗಿಸುವುದು ಇದ್ದರೆ ಆ ಸಿನಿಮಾದಲ್ಲಿ ಮಾತ್ರ ಇದೆ. ಸೂರತ್ತಿಗೆ ಅದು ಬರುವುದಿಲ್ಲ. ವೈನಿ ನಿಮ್ಮ ಮಗಳ ಬಾಣಂತನಕ್ಕೆ ಮುಧೋಳಕ್ಕೆ ಹೊರಟಿದ್ದಾರೆ, ಟಾಕೀಜಿನ ಕತ್ತಲೆಯಲ್ಲಿ ಅವರಿಗೆ ತಲೆ ತಿರುಗುತ್ತದೆ ಕೂಡ. ನೀವೇ ಹೋಗಬೇಕು. ಸಿನಿಮಾದ ಕಥೆ ನನಗೆ ಬೇಡ. ಆಕೆಯ ಮುಖ ಹೇಗೆ ಬಂದಿದೆ, ಅಷ್ಟು ಬರೆಯಿರಿ.

ನಿಮ್ಮ ತಮ್ಮ
ಚಿದಾನಂದ

ಬನಹಟ್ಟಿ
೧೯ ನವೆಂಬರ್ ೨೦೨೫

ಚಿದಾನಂದನಿಗೆ ಅಣ್ಣ ಗಿರಿಮಲ್ಲಪ್ಪನ ಆಶೀರ್ವಾದ.

ನೋಡಿ ಬಂದೆ. ಎರಡೂಮುಕ್ಕಾಲು ತಾಸಿನ ಸಿನಿಮಾ. ರಾಣಿಯ ಗಂಡ ಸಾಯುವಷ್ಟರಲ್ಲಿ ನನ್ನ ಸೊಂಟ ಸತ್ತುಹೋಗಿತ್ತು. ಹಿಂದಿನ ಸೀಟಿನವನು ನನ್ನ ಕುರ್ಚಿಗೆ ಕಾಲು ಕೊಟ್ಟು ಕುಳಿತಿದ್ದ. ತಿರುಗಿ ನೋಡಿದರೆ ಏನೋ ಅಂದ, ಕೇಳದೇ ಇದ್ದುದೇ ಒಳ್ಳೆಯದಾಯಿತು.

ನೀನು ಕಥೆ ಬೇಡ ಎಂದೆ. ಆದರೆ ನನ್ನ ಹಣೆಬರಹಕ್ಕೆ ಅಷ್ಟು ಹೊತ್ತು ಕುಳಿತು ಬಂದಿದ್ದೇನೆ, ಸ್ವಲ್ಪ ಕೇಳು. ಮಾತು ಕಿವಿಗೆ ಬೀಳದವನಿಗೆ ಸಿನಿಮಾ ಎಂದರೆ ಬಟ್ಟೆ. ರಾಣಿ ಹೊತ್ತಿಗೊಂದು ಸೀರೆ ಉಡುತ್ತಾಳೆ, ಎಲ್ಲ ಮಿರಿಮಿರಿ ಮಿಂಚುವ ಮಷೀನಿನ ಮಾಲು. ಇನ್ನೂರು ವರ್ಷದ ಹಿಂದಿನ ಹೆಂಗಸಿಗೆ ಬೆನ್ನಿನ ಮೇಲೆ ಚೈನು ಇರುವ ಕುಪ್ಪಸ! ಯುದ್ಧದಲ್ಲಿ ಕುದುರೆ ಹಾರುತ್ತದೆ, ರಾಣಿ ಹಾರುತ್ತಾಳೆ, ನೆರಿಗೆ ಮಾತ್ರ ಇಸ್ತ್ರಿ ಮಾಡಿದ ಹಾಗೆ ನಿಂತಿರುತ್ತದೆ. ರಾಜನ ಪಟಕ ಮದುವೆ ಮನೆಯವರು ಬಾಡಿಗೆಗೆ ತರುತ್ತಾರಲ್ಲ, ಹೊಲಿದು ಇಟ್ಟದ್ದು, ಟೊಪ್ಪಿಗೆಯಂತೆ ತಲೆಗೆ ಕವುಚುವುದು, ಅದು. ಅರಮನೆ ಬರೀ ಹಲಗೆ. ಮಂತ್ರಿ ಕಂಬಕ್ಕೆ ಒರಗಿದಾಗ ಕಂಬ ಅಲುಗಿತು, ನಾನೊಬ್ಬನೇ ನೋಡಿದೆನೋ ಏನೋ.

ಛಲೋ ಇಲ್ಲವೇ ಇಲ್ಲ ಎನ್ನಲಾರೆ. ದೀಪದ ಬೆಳಕಿನಲ್ಲಿ ತೆಗೆದದ್ದೆಲ್ಲ ಚೆನ್ನಾಗಿದೆ, ನಮ್ಮ ಅವ್ವ ಚಿಮಣಿ ಹಚ್ಚಿದಾಗ ಪಡಸಾಲೆ ಇರುತ್ತಿದ್ದ ಹಾಗೆ. ಮಂತ್ರಿಯ ಪಾತ್ರ ಮಾಡಿದ ಮುದುಕ ಕಣ್ಣಿನಲ್ಲೇ ಎಲ್ಲ ಹೇಳುತ್ತಾನೆ, ಅವನದು ನನಗೂ ಕೇಳಿಸಿತು. ಗಂಡ ಹೋದ ಮೇಲೆ ರಾಣಿ ಒಬ್ಬಳೇ ಕುಳಿತು ಕಾಲುಂಗುರ ತೆಗೆಯಲು ಹೆಣಗಾಡುತ್ತಾಳೆ. ಊದಿದ ಬೆರಳು, ಉಂಗುರ ಬರುವುದಿಲ್ಲ. ಆ ಹುಡುಗಿ ಅಲ್ಲೊಂದು ಕಡೆ ನಟಿಸಿದ್ದಾಳೆ. ಟಾಕೀಜು ಸುಮ್ಮನಾಗಿತ್ತು ಎಂದು ಕಾಣುತ್ತದೆ, ಯಾರ ಬಾಯಿಯೂ ಆಡುತ್ತಿರಲಿಲ್ಲ.

ಈಗ ನಿನ್ನ ಕೆಲಸ. ಶೇವಂತಿ ಸಿಕ್ಕಳು. ಹಬ್ಬದ ದಿನ ಹೆಂಗಸರು ತಾಮ್ರದ ಕೊಡ ಹೊತ್ತು ರಾಣಿಯ ಹಿಂದೆ ನಡೆದು ಬರುತ್ತಾರೆ. ಸಾಲಿನ ಮುಂದುಗಡೆಯೇ ಇದ್ದಾಳೆ. ಹಸಿರು ಒಡಲು, ಕೆಂಪು ಸೆರಗಿನ ಸೀರೆ, ನಿಮ್ಮ ಮದುವೆಯ ಮರುವರ್ಷ ನಾನು ಕೈಮಗ್ಗದಲ್ಲಿ ನೇಯ್ದು ಕೊಟ್ಟದ್ದು. ಸೆರಗಿನ ತೋಪಿನ ಚಿತ್ತಾರದಲ್ಲಿ ನೇಯ್ದ ಬಿಳಿ ಹಲ್ಲುಗಳಲ್ಲಿ ಒಂದು ಗಿಡ್ಡಾಗಿದೆ, ಆ ದಿನ ನನಗೆ ಜ್ವರ ಇತ್ತು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ನನ್ನ ತಪ್ಪು ನನಗೇ ಕಂಡಿತು. ನಿನ್ನ ಹೆಂಡತಿ ಬಾಯಿ ತುಂಬ ನಗುತ್ತ ಬರುತ್ತಾಳೆ, ಕೊಡ ಸ್ವಲ್ಪವೂ ಅಲುಗುವುದಿಲ್ಲ. ಮುಖ ತುಂಬಿಕೊಂಡಿದೆ, ಆರೋಗ್ಯವಾಗಿದ್ದಾಳೆ. ನಿನಗೆ ಇಷ್ಟು ಸಾಕಲ್ಲ?

ಒಂದು ದೊಡ್ಡ ತಪ್ಪು ಹೇಳುವುದನ್ನು ಮರೆತೆ. ರಾಜನ ಹೆಣವನ್ನು ಹೊಳೆಗೆ ಒಯ್ಯುವಾಗ ಹೆಂಗಸರೆಲ್ಲ ಎದೆ ಬಡಿದುಕೊಂಡು ಅಳುತ್ತಾರೆ. ಅದನ್ನು ತೆಗೆದ ದಿನ ನಾನು ಅಲ್ಲೇ ಇದ್ದೆ, ವಯಸ್ಸಾದವರು ಎಂದು ಯೂನಿಟ್ಟಿನವರು ಕ್ಯಾಮರಾದ ಪಕ್ಕದಲ್ಲೇ ಕುರ್ಚಿ ಕೊಟ್ಟಿದ್ದರು. ನಾನು ಆ ಯಂತ್ರ ನೋಡುತ್ತ ಕುಳಿತಿದ್ದೆ, ಹೆಂಗಸರ ಕಡೆ ನೋಡಲಿಲ್ಲ. ಅಷ್ಟು ಜನ ಅಳುತ್ತಿದ್ದರೆ ಅವರ ನಡುವೆ ಯಾವಳೋ ಒಬ್ಬಳು ಗದ್ದದ ತನಕ ಸೆರಗು ಎಳೆದುಕೊಂಡು ಗಂಟಿನ ಹಾಗೆ ನಿಂತುಬಿಡುತ್ತಾಳೆ. ಹಿಂದಿನವರು ಆಕೆಗೆ ಡಿಕ್ಕಿ ಹೊಡೆಯುತ್ತಾರೆ. ಅದನ್ನು ಕತ್ತರಿಸಿ ಒಗೆಯುವುದು ಬಿಟ್ಟು ಎಷ್ಟೋ ಹೊತ್ತು ತೋರಿಸಿದ್ದಾರೆ. ಅಂಥ ತಿಳಿಗೇಡಿಯನ್ನು ಕರೆದುಕೊಂಡು ಹೋದವರಾದರೂ ಯಾರು?

ಮಂಡಿಗೆ ಔಡಲೆಣ್ಣೆ ಹಚ್ಚು. ಊರಿಗೆ ಬರುವುದನ್ನು ಯೋಚಿಸು.

ಗಿರಿಮಲ್ಲಪ್ಪ

ಉಧನಾ, ಸೂರತ್
೩೦ ನವೆಂಬರ್ ೨೦೨೫

ಅಣ್ಣನವರಿಗೆ ನಮಸ್ಕಾರ.

ನಿಮ್ಮ ಪತ್ರ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ. ಮಡಿಕೆ ಹರಿಯುವಂತಾಗಿದೆ. ನನ್ನ ಜೊತೆ ಖೋಲಿಯಲ್ಲಿರುವ ತೇರದಾಳದ ಯಮನಪ್ಪನಿಗೆ ಓದಿ ಹೇಳಿದೆ. “ನಿಮ್ಮ ಅಣ್ಣಾರು ಪೇಪರಿನ್ಯಾಗ ಬರೀಬೇಕಿತ್ತು ನೋಡ್ರಿ, ಕುಪ್ಪಸದ ಚೈನೂ ಬಿಟ್ಟಿಲ್ಲ” ಎಂದು ಬಿದ್ದು ಬಿದ್ದು ನಕ್ಕ.

ನಾನು ಆಕೆಯ ಸಾಲುಗಳನ್ನಷ್ಟೇ ಓದುತ್ತೇನೆ. ಓದುತ್ತ ಓದುತ್ತ ಒಂದು ಸಣ್ಣ ಸಂಶಯ ಹತ್ತಿದೆ, ಬೇಸರ ಮಾಡಿಕೊಳ್ಳಬೇಡಿ. ಬಾಯಿ ತುಂಬ ನಗುತ್ತಾಳೆ ಎಂದು ಬರೆದಿದ್ದೀರಿ. ಕೈ ಅಡ್ಡ ಹಿಡಿಯಲಿಲ್ಲವೇ? ಆಕೆಯ ಮುಂದಿನ ಹಲ್ಲು ಮುರಿದಿತ್ತು, ಸಣ್ಣವಳಿದ್ದಾಗ ಬೀಳಗಿಯ ತವರುಮನೆಯಲ್ಲಿ ಜೋಕಾಲಿಯಿಂದ ಬಿದ್ದು. ನನ್ನ ಮುಂದೆ ನಗುವಾಗಲೂ ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ಕೊಡ ಹಿಡಿಯಲು ಕೈ ಬೇಕಾಗಿತ್ತು, ಅದಕ್ಕೇ ಬಿಟ್ಟಿರಬೇಕು ಎಂದು ನಾನೇ ಅಂದುಕೊಂಡೆ. ಹಾಗಾದರೆ ಆ ಹಲ್ಲು ಕಂಡಿತೇ? ಪರದೆಯ ಮೇಲೆ ಆಕೆಗೆ ನಾಚಿಕೆಯಾಗುವಂತೆ ಕಂಡಿತೇ, ಅಥವಾ ಚೆನ್ನಾಗಿ ಕಂಡಿತೇ?

ಇನ್ನೊಂದು. ಮಣ್ಣು ಮಾಡುವ ದಿನ ಆಕೆಯ ಮುಖವನ್ನು ನೀವು ನೋಡಿದಿರಿ. ಆಗಿನ ಮುಖಕ್ಕೂ ಸಿನಿಮಾದಲ್ಲಿ ಕಂಡ ಮುಖಕ್ಕೂ ಬಹಳ ಫರಕು ಇತ್ತೇ? ಜ್ವರಕ್ಕೆ ಬಹಳ ಇಳಿದಿದ್ದಳೇ? ವೈನಿಯನ್ನು ಕೇಳಿದರೆ ಅತ್ತುಬಿಡುತ್ತಾರೆ. ನೀವು ಅಳುವವರಲ್ಲ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಸಿನಿಮಾವನ್ನು ಅಷ್ಟೊಂದು ಬೈಯಬೇಡಿ. ಯಾವ ಸೀರೆಯಾದರೂ ಉಡಿಸಲಿ, ನನ್ನ ಹೆಂಡತಿಯನ್ನು ಅದರಲ್ಲಿ ಉಳಿಸಿಕೊಟ್ಟಿದ್ದಾರೆ.

ಚಿದಾನಂದ

ಬನಹಟ್ಟಿ
೪ ಜನವರಿ ೨೦೨೬

ಚಿದಾನಂದನಿಗೆ ಆಶೀರ್ವಾದ.

ಉತ್ತರ ತಡವಾಯಿತು. ನಿನ್ನ ವೈನಿ ಇಂದ್ರವ್ವ ಮುಧೋಳದಿಂದ ಬಂದಳು, ಮೊಮ್ಮಗಳು ಗುಂಡಗುಂಡಗೆ ಇದ್ದಾಳೆ. ಚಳಿ ಬಹಳ. ಮಗ್ಗ ಎರಡು ನಿಂತಿವೆ, ಕರೆಂಟಿನದು ಎಂದಿನ ಕಾಟ.

ಆ ಸಿನಿಮಾ ಜಮಖಂಡಿಯಿಂದ ಎತ್ತಿದರು. ಮಹಾಲಿಂಗಪುರದಲ್ಲೂ ಬಹಳ ದಿನ ಓಡಲಿಲ್ಲವಂತೆ. ಓಡುವುದಾದರೂ ಹೇಗೆ? ರಾಣಿಗೆ ವಯಸ್ಸಾಗುವುದೇ ಇಲ್ಲ. ಮಗ ದೊಡ್ಡವನಾಗಿ ಮೀಸೆ ಬಂದರೂ ತಾಯಿಯ ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ. ದಂಡು ಎಂದರೆ ಅದೇ ಅದೇ ಮಂದಿ ಮತ್ತೆ ಮತ್ತೆ ಓಡುತ್ತಾರೆ, ಒಬ್ಬನ ಕಾಲಲ್ಲಿ ಪ್ಲಾಸ್ಟಿಕ್ ಚಪ್ಪಲಿ. ಮಧ್ಯಂತರದ ನಂತರ ಹಾಡು ಒಂದು ಬಿಟ್ಟಿದ್ದರೂ ನಡೆಯುತ್ತಿತ್ತು. ಕಥೆ ಬರೆದವನಿಗೆ ಕೊನೆ ಹೇಗೆ ಮಾಡಬೇಕೆಂಬುದು ತಿಳಿದಿಲ್ಲ, ಎಲ್ಲರನ್ನೂ ಕೊಂದು ಕೈ ತೊಳೆದುಕೊಂಡಿದ್ದಾನೆ.

ಹಲ್ಲು ಅಷ್ಟು ಲಕ್ಷ್ಯಕ್ಕೆ ಬರಲಿಲ್ಲ. ದೂರದಿಂದ ತೆಗೆದಿದ್ದಾರೆ.

ಮಂಡಿ ಹೇಗಿದೆ?

ಗಿರಿಮಲ್ಲಪ್ಪ

ಉಧನಾ, ಸೂರತ್
೧೮ ಜನವರಿ ೨೦೨೬

ಅಣ್ಣನವರಿಗೆ.

ಸೆರಗಿನ ಒಂದು ಗಿಡ್ಡ ಹಲ್ಲು ನಿಮಗೆ ಕಂಡಿತು. ಆಕೆಯ ಮುರಿದ ಹಲ್ಲು ಕಾಣಲಿಲ್ಲ. ದೂರದಿಂದ ತೆಗೆದಿದ್ದಾರಂತೆ.

ನನಗೆ ಜಗಳವಾಡುವ ಶಕ್ತಿ ಉಳಿದಿಲ್ಲ ಅಣ್ಣ. ದಿನವಿಡೀ ನಿಂತು, ರಾತ್ರಿ ಕಾಲು ಮೇಲೆ ಮಾಡಿ ಮಲಗುತ್ತೇನೆ. ಆದರೆ ಬರೆಯದೇ ಇದ್ದರೆ ಇನ್ನೂ ದಣಿಯುತ್ತೇನೆ. ಚಪ್ಪಲಿಯ ಬಗ್ಗೆ ಬರೆದಿರಿ, ಮೀಸೆಯ ಬಗ್ಗೆ ಬರೆದಿರಿ. ನಾನು ಕೇಳಿದ್ದಕ್ಕೆ ಒಂದೂವರೆ ಸಾಲು. ಆಕೆಯ ಕೊನೆಯ ಮುಖ ಹೇಗಿತ್ತೆಂದು ಕೇಳಿದ್ದಕ್ಕೆ ಅದೂ ಇಲ್ಲ. ನನ್ನ ಹೆಂಡತಿಯನ್ನು ನೋಡಿದವರು ನೀವು, ಮಣ್ಣಿಗೆ ಕಳಿಸಿದವರು ನೀವು. ಒಂದು ದಿನ ತಡೆಯಿರೆಂದು ಮಿರಜದ ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲಿ ಅತ್ತಿದ್ದೆ. ಯಾರೋ ಫೋನನ್ನು ನಿಮ್ಮ ಕಿವಿಗೆ ಹಿಡಿದಿದ್ದರು. ನಿಮಗೆ ಕೇಳಲಿಲ್ಲ ಎಂದು ಈತನಕ ನನ್ನ ಮನಸ್ಸಿಗೆ ಹೇಳಿಕೊಂಡು ಬಂದಿದ್ದೇನೆ. ಊರಿಗೆ ಏಕೆ ಬರುವುದಿಲ್ಲ ಎಂದು ಸಿಟ್ಟಾಗುತ್ತೀರಲ್ಲ, ಅದಕ್ಕೇ ಬರುವುದಿಲ್ಲ. ಮಂಡಿಯದು ನೆಪ.

ಬೆಂಗಳೂರಿನ ಪೇಪರಿನಲ್ಲಿ ಬಂದ ವಿಮರ್ಶೆಯನ್ನು ಯಮನಪ್ಪ ಮೊಬೈಲಿನಲ್ಲಿ ತೋರಿಸಿದ. ಅವರೂ ನಿಮ್ಮ ಹಾಗೆಯೇ ಬೈದಿದ್ದಾರೆ. ವೇಷಭೂಷಣ ಆಡಂಬರದ್ದು, ಇತಿಹಾಸ ತೆಳ್ಳಗಿನದು, ಉದ್ದ ಜಾಸ್ತಿ. ಆದರೆ ಕೊನೆಗೆ ಹೀಗೆ ಬರೆದಿದ್ದಾರೆ, ನೋಡಿ ನಕಲು ಮಾಡುತ್ತಿದ್ದೇನೆ: “ಇಡೀ ಚಿತ್ರದ ಸತ್ಯ ಒಂದು ದೃಶ್ಯದಲ್ಲಿದೆ. ಶವಯಾತ್ರೆಯಲ್ಲಿ ಅಬ್ಬರಿಸಿ ಅಳುವ ಗುಂಪಿನ ನಡುವೆ ಹೆಸರಿಲ್ಲದ ಒಬ್ಬ ಹೆಂಗಸು ಥಟ್ಟನೆ ಸೆರಗೆಳೆದು ಮುಖ ಮುಚ್ಚಿಕೊಳ್ಳುತ್ತಾಳೆ. ದುಃಖವೆಂದರೆ ಏನೆಂಬುದು ನಾಯಕಿಗಿಂತ ಆಕೆಗೆ ಹೆಚ್ಚು ಗೊತ್ತಿದೆ.” ನೀವು ತಿಳಿಗೇಡಿ ಎಂದವಳನ್ನೇ ಅವರು ಹೊಗಳಿದ್ದಾರೆ. ಯಾವುದು ಛಲೋ, ಯಾವುದು ತಪ್ಪು ಎಂದು ನಿಮಗೇ ಗೊತ್ತು ಎಂದುಕೊಳ್ಳಬೇಡಿ.

ಫೆಬ್ರವರಿಯಲ್ಲಿ ಆ ಸಿನಿಮಾ ಮೊಬೈಲಿಗೆ ಬರುತ್ತದಂತೆ. ಆಕೆಯ ನಗುವನ್ನು ನಾನೇ ನೋಡಿಕೊಳ್ಳುತ್ತೇನೆ. ನೀವು ಇನ್ನು ತ್ರಾಸು ತೆಗೆದುಕೊಳ್ಳುವುದು ಬೇಡ.

ಚಿದಾನಂದ

ಬನಹಟ್ಟಿ
೨೭ ಜನವರಿ ೨೦೨೬

ಚಿದಾನಂದ,

ನೀನು ನೋಡುವ ಮೊದಲು ಈ ಪತ್ರ ನಿನಗೆ ಮುಟ್ಟಬೇಕು. ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ಕೊಡ ಹೊತ್ತು ನಗುವವಳು ಶೇವಂತಿ ಅಲ್ಲ. ಅವಳು ಹಿಂದಿನ ಓಣಿಯ ಸೋಮವ್ವ. ಇಂದ್ರವ್ವ ಮುಧೋಳದಿಂದ ಬಂದ ದಿನ, ಶೇವಂತಿ ಎಷ್ಟು ಚೆನ್ನಾಗಿ ನಕ್ಕಿದ್ದಾಳೆ ಗೊತ್ತೇನು ಎಂದು ಹಿಗ್ಗಿನಿಂದ ಹೇಳಿದೆ. ಯಾವ ಸೀರೆ ಎಂದು ಸನ್ನೆ ಮಾಡಿ ಕೇಳಿದಳು. ಹಸಿರು ಎಂದೆ. ಆಕೆ ಹಣೆ ಬಡಿದುಕೊಂಡಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದಳು, ಓಣಿಗೆಲ್ಲ ಕೇಳಿರಬೇಕು. “ಆ ಸೀರಿ ಶೇವಂತಿ ಮೈಮ್ಯಾಲ ಎಲ್ಲಿತ್ತರಿ? ಸಿನಿಮಾದವರು ಬಣ್ಣ ಹೊಂದಂಗಿಲ್ಲಂತ ಎಲ್ಲಾರದೂ ಸೀರಿ ಬದಲಿ ಮಾಡ್ಸಿದ್ರು. ಹಸರು ಸೋಮವ್ವಗ ಉಡ್ಸಿ, ಆಕಿದು ಬೂದಿ ಬಣ್ಣದ್ದು ಇಕಿಗೆ ಉಡ್ಸಿದ್ರು. ಮಾರಿ ನೋಡ್ಲಿಲ್ಲೇನು ನೀವು?”

ನೋಡಿದೆ. ಆದರೆ ಯಾವ ಮುಖದ ಜೊತೆ ತಾಳೆ ಹಾಕಿ ನೋಡಬೇಕಿತ್ತು?

ನಮ್ಮ ಅವ್ವ ಹಾಕಿಕೊಟ್ಟ ಪದ್ಧತಿ ನಿನಗೆ ಗೊತ್ತು. ಸೊಸೆ ಭಾವನ ಮುಂದೆ ಮುಖ ತೋರಿಸಬಾರದು, ಎದುರು ನಿಂತು ಮಾತಾಡಬಾರದು. ಓಣಿಯವರೆಲ್ಲ ಅದನ್ನು ಬಿಟ್ಟು ಎಷ್ಟೋ ವರ್ಷವಾದವು, ಅವ್ವ ಹೋದ ಮೇಲೆ ನಾನೂ ಇಂದ್ರವ್ವನ ಕೈಯಲ್ಲಿ ಹೇಳಿಸಿದೆ, ಶೇವಂತಿ ಬಿಡಲಿಲ್ಲ. ಮೂವತ್ತು ವರ್ಷ ಒಂದೇ ಹೊಸ್ತಿಲು ದಾಟಿದೆವು, ಆಕೆ ಮಾಡಿದ ರೊಟ್ಟಿ ಉಂಡೆ. ನಾನು ಕಂಡದ್ದು ಆಕೆಯ ಸೆರಗು, ಬಳೆ, ಹಿಮ್ಮಡಿ. ನಾನು ಬರುವ ಸಪ್ಪಳಕ್ಕೇ ಸೆರಗು ಇಳಿಯುತ್ತಿತ್ತು. ಸಿನಿಮಾದಲ್ಲಿ ಮುಖ ಹೇಗೆ ಬಂದಿದೆ ಬರಿ ಎಂದು ನೀನು ಕೇಳಿದೆ. ಕೇಳಬಾರದವನನ್ನು ಕೇಳಿದೆ ತಮ್ಮಾ. ನನಗೆ ಸೀರೆಯ ಗುರುತು ಇತ್ತು, ಅದನ್ನೇ ಹಿಡಿದೆ.

ಈಗ ಇನ್ನೊಂದು. ಆ ಸೆರಗು ಎಳೆದುಕೊಂಡವಳೇ ಶೇವಂತಿ. ಬೂದಿ ಬಣ್ಣದ ಸೀರೆಯವಳು. ಸಾಲಿನಲ್ಲಿ ಅಳುತ್ತ ಬಂದವಳು ಕ್ಯಾಮರಾದ ಪಕ್ಕ ಕುರ್ಚಿಯಲ್ಲಿ ಭಾವ ಕುಳಿತದ್ದನ್ನು ನೋಡಿದ್ದಾಳೆ. ಮುಂದೆ ಹೋಗಲಾರದೆ ಅಲ್ಲೇ ನಿಂತಿದ್ದಾಳೆ. ಸಂಜೆ ಮನೆಗೆ ಬಂದು ಇಂದ್ರವ್ವನ ಮುಂದೆ, “ಭಾವಾರು ಅಲ್ಲೇ ಕುಂತಿದ್ರು ಯಕ್ಕಾ, ನನಗರ ಏನ್ ಗೊತ್ತು! ಎಲ್ಲಾ ಕೆಡಿಸಿ ಬಂದೆ, ನನ್ನ ಕತ್ತರಿಸಿ ಒಗಿತಾರ ನೋಡು” ಎಂದು ನಕ್ಕಿದ್ದಳಂತೆ. ನಿನಗೆ ಹೇಳದೆ ಮುಚ್ಚಿಟ್ಟದ್ದು ಇದನ್ನೇ ಇರಬೇಕು. ಪೇಪರಿನವರು ಅದನ್ನು ದುಃಖ ಎಂದಿದ್ದಾರೆ. ನಾನು ತಿಳಿಗೇಡಿ ಎಂದೆ. ಆ ಮಾತು ಬರೆದ ಕೈ ಮುರಿಯಲಿ ಎನಿಸಿದೆ.

ಇಂದ್ರವ್ವ ನಿನಗೆ ಫೋನ್ ಮಾಡುತ್ತೇನೆಂದಳು, ನಾನೇ ತಡೆದೆ. ನಿನಗೆ ಸಿಕ್ಕ ಆ ನಗು ಕೆಲವು ದಿನ ಉಳಿಯಲಿ ಎಂದುಕೊಂಡೆ. ಖರೆ ಹೇಳಬೇಕೆಂದರೆ ಹೇಗೆ ಬರೆಯುವುದೋ ತಿಳಿಯಲಿಲ್ಲ, ಚಪ್ಪಲಿ ಮೀಸೆ ಎಂದು ಏನೇನೋ ಗೀಚಿದೆ.

ಕೊನೆಯ ಮುಖ ಕೇಳಿದೆಯಲ್ಲ. ಗೋಡೆಗೆ ಆನಿಸಿ ಕೂಡ್ರಿಸಿದ್ದರು. ಹಣೆಗೆ ವಿಭೂತಿ, ಕೈ ತುಂಬ ಹಸಿರು ಬಳೆ. ಸೆರಗು ತಲೆಯ ಮೇಲಿತ್ತು, ಮುಖ ತೆರೆದಿತ್ತು. ನಾನು ಒಳಗೆ ಬಂದೆ, ಸೆರಗು ಇಳಿಯಲಿಲ್ಲ. ಅಷ್ಟು ವರ್ಷ ಮನೆಯಲ್ಲಿದ್ದವಳ ಮುಖವನ್ನು ಆಗ ನೋಡಿದೆ, ಯಾರೋ ಬೇರೆಯವರ ಮನೆಗೆ ಬಂದೆನೇನೋ ಎನಿಸಿತು. ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತೆ, ಮತ್ತೆ ಒಳಗೆ ಹೋಗಲಿಲ್ಲ. ಇಳಿದಿದ್ದಳೋ ತುಂಬಿಕೊಂಡಿದ್ದಳೋ ನನಗೆ ಹೇಳಲಾಗುವುದಿಲ್ಲ, ಮೊದಲು ಹೇಗಿದ್ದಳೆಂದು ಗೊತ್ತಿದ್ದರೆ ತಾನೆ.

ತಡೆಯಬೇಕಿತ್ತು. ಮಳೆ ನಿಂತಿರಲಿಲ್ಲ, ಹೊಳೆ ಎಂದು ಇಳಿಯುತ್ತದೋ ಯಾರಿಗೂ ಗೊತ್ತಿರಲಿಲ್ಲ, ಹಿರಿಯರು ಇಡುವುದು ಬೇಡ ಎಂದರು, ನಾನು ಹೂಂ ಎಂದೆ. ಫೋನಿನಲ್ಲಿ ನಿನ್ನ ಮಾತು ಕೇಳಲಿಲ್ಲ. ಅಳುತ್ತಿದ್ದೀಯ ಎಂಬುದು ಮಾತ್ರ ಕೇಳಿತು. ಅಳು ಕೇಳಿಯೂ ಹೂಂ ಎಂದೆ. ಇದರ ಬಗ್ಗೆ ನಾನು ವಾದ ಮಾಡುವುದಿಲ್ಲ.

ಆ ಸಿನಿಮಾ ನೋಡಬೇಡ. ಅದರಲ್ಲಿ ನಿನಗೆ ಬೇಕಾದ್ದು ಇಲ್ಲ. ಇದ್ದುದನ್ನು ನಾನು ಆ ಕುರ್ಚಿಯಲ್ಲಿ ಕುಳಿತು ಹಾಳು ಮಾಡಿದೆ.

ಗಿರಿಮಲ್ಲಪ್ಪ

ಉಧನಾ, ಸೂರತ್
೧೬ ಫೆಬ್ರವರಿ ೨೦೨೬

ಅಣ್ಣನವರಿಗೆ ಚಿದಾನಂದನ ನಮಸ್ಕಾರ.

ನೋಡಬೇಡ ಎಂದಿರಿ, ನೋಡಿದೆ. ನಿನ್ನೆ ರಜೆ ಇತ್ತು. ಯಮನಪ್ಪ ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿ ಇಟ್ಟುಕೊಟ್ಟು, ತಾನು ಹೊರಗೆ ಹೋದ. ಸಿನಿಮಾ ನೀವು ಹೇಳಿದಷ್ಟೇ ಉದ್ದವಿದೆ. ಕಂಬ ಅಲುಗುವುದು ನನಗೂ ಕಂಡಿತು. ಮಂತ್ರಿ ಚೆನ್ನಾಗಿದ್ದಾನೆ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಖರೆ.

ಸೋಮವ್ವ ನಗುತ್ತ ಬಂದಾಗ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಪಾಪ, ಅವಳೇನು ಮಾಡಿದಳು. ಆದರೆ ಆ ಸೀರೆಯನ್ನು ಬೇರೊಬ್ಬಳ ಮೈಮೇಲೆ ನೋಡುವುದು ಬಹಳ ಕಷ್ಟವಾಯಿತು. ಮುಂದಕ್ಕೆ ಓಡಿಸಿದೆ.

ಆಮೇಲೆ ಹೊಳೆ ದಂಡೆ ಬಂತು. ನೀವು ಬರೆಯದಿದ್ದರೂ ನನಗೆ ಗುರುತು ಸಿಗುತ್ತಿತ್ತು ಅಣ್ಣ. ಗುಂಪಿನ ಹಿಂದುಗಡೆ ಬೂದಿ ಬಣ್ಣ ಕಂಡ ಕೂಡಲೇ ಸಿಕ್ಕಿತು, ಆಕೆ ಬಲಗಾಲು ಸ್ವಲ್ಪ ಹೊರಗೆ ಹಾಕಿ ನಡೆಯುತ್ತಾಳೆ. ಎಲ್ಲರಂತೆ ಎದೆ ಬಡಿದುಕೊಳ್ಳುತ್ತ ಬರುತ್ತಾಳೆ, ಸುಳ್ಳು ಅಳು, ನಾಟಕದ್ದು. ಮುಂದಿನವರ ತಲೆ ಅಡ್ಡ ಇರುವುದರಿಂದ ಮುಖ ಕಾಣುವುದಿಲ್ಲ. ಮುಂದಿನವಳು ಬದಿಗೆ ಸರಿಯುತ್ತಾಳೆ. ಈಕೆ ತಲೆ ಎತ್ತುತ್ತಾಳೆ. ಆಮೇಲೆ ಸೆರಗು ಬಂದೇ ಬಿಡುತ್ತದೆ, ಗದ್ದದ ತನಕ.

ತಲೆ ಎತ್ತುವುದಕ್ಕೂ ಸೆರಗು ಬರುವುದಕ್ಕೂ ನಡುವೆ ಒಂದು ಚೂರು ಇದೆ ಅಣ್ಣ. ಕಣ್ಣು ಮಿಟುಕಿಸಿದರೆ ಹೋಗಿಬಿಡುತ್ತದೆ. ಟಾಕೀಜಿನಲ್ಲಿ ನೀವು ಮಿಟುಕಿಸಿರಬೇಕು, ಪೇಪರಿನವರೂ ಮಿಟುಕಿಸಿರಬೇಕು. ನಾನು ಹಿಂದಕ್ಕೆ ಒಯ್ದು, ಮತ್ತೆ ಒಯ್ದು, ನಿಲ್ಲಿಸಲು ನೋಡಿದೆ. ಬೆರಳು ಒರಟು, ಒಮ್ಮೆ ಮೊದಲೇ ನಿಲ್ಲುತ್ತದೆ, ಒಮ್ಮೆ ದಾಟಿ ಹೋಗುತ್ತದೆ. ಕೊನೆಗೆ ಸಿಕ್ಕಿತು. ಆಕೆಯ ಪೂರ್ತಿ ಮುಖ. ಅಳುತ್ತಿಲ್ಲ. ದುಃಖವೂ ಅಲ್ಲ, ಏನೂ ಅಲ್ಲ. ಕಣ್ಣು ಅಗಲ ಮಾಡಿ, ನಾಲಿಗೆ ಕಚ್ಚಿಕೊಂಡಿದ್ದಾಳೆ. ಹಾಲು ಉಕ್ಕಿಸಿದಾಗ, ಬಾಗಿಲಲ್ಲಿ ಯಾರೋ ಬಂದದ್ದು ಗೊತ್ತಾಗದೆ ಹಾಡುತ್ತಿದ್ದಾಗ, ನಾನು ಹಿಂದಿನಿಂದ ಹೋಗಿ ಬೆಚ್ಚಿಬೀಳಿಸಿದಾಗ ಹಾಗೆ ಮಾಡುತ್ತಿದ್ದಳು. ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿದ್ದ ಮುಖ ಅದು. ಬಹಳ ಹೊತ್ತು ಅತ್ತೆ.

ಒಂದು ಮಾತನ್ನು ಸುತ್ತು ಬಳಸದೆ ಬರೆಯುತ್ತೇನೆ. ನೀವು ಹೂಂ ಎಂದದ್ದು ನನ್ನ ಹೊಟ್ಟೆಯಲ್ಲಿ ಇನ್ನೂ ಹಾಗೇ ಇದೆ. ನಾಳೆ ಹೋಗುತ್ತದೆ ಎಂದು ಸುಳ್ಳು ಹೇಳಲಾರೆ. ಆದರೆ ಕುರ್ಚಿಯದನ್ನು ನೀವು ಹೊರಬೇಡಿ. ನೀವು ಅಲ್ಲಿ ಕುಳಿತಿರದಿದ್ದರೆ ಆಕೆ ಮಿಕ್ಕವರ ಹಾಗೆ ಸುಳ್ಳು ಅಳು ಅಳುತ್ತ ದಾಟಿ ಹೋಗುತ್ತಿದ್ದಳು. ನನಗೆ ಉಳಿಯುತ್ತಿದ್ದುದು ಆ ನಾಟಕದ ಮುಖ. ರಾಜ, ರಾಣಿ, ದಂಡು, ಅಷ್ಟು ಮಂದಿ ಯಾರ ಯಾರದೋ ಬಟ್ಟೆ ಉಟ್ಟು ಯಾರ ಯಾರೋ ಆಗಿದ್ದಾರೆ. ಆಕೆಯೂ ಸೋಮವ್ವನ ಸೀರೆಯಲ್ಲೇ ಇದ್ದಾಳೆ. ಆದರೂ ಆಕೆ ಒಬ್ಬಳೇ ಆಕೆಯಾಗಿದ್ದಾಳೆ.

ಯುಗಾದಿಗೆ ಬರುತ್ತೇನೆ. ಮಂಡಿ ಹೇಗಾದರೂ ತಡೆಯುತ್ತದೆ. ವೈನಿಗೆ ಹೇಳಿ, ನನ್ನ ಖೋಲಿಯ ಬೀಗ ತೆಗೆದು ಕಸ ಹೊಡೆಸಲಿ. ಮೊಬೈಲ್ ತರುತ್ತೇನೆ. ಹಗಲು ಹೊತ್ತಿನಲ್ಲಿ, ಪಡಸಾಲೆಯಲ್ಲಿ ಕುಳಿತು, ಆ ಚೂರಿಗೆ ಸರಿಯಾಗಿ ನಿಲ್ಲಿಸಿ ನಿಮ್ಮ ಕೈಗೆ ಕೊಡುತ್ತೇನೆ. ಕನ್ನಡಕ ಹಾಕಿಕೊಂಡು, ಹೊರಗೆ ಎದ್ದು ಹೋಗದೆ ನೋಡಬೇಕು. ಆಕೆ ಕ್ಯಾಮರಾದ ಕಡೆ ನೋಡುತ್ತಿಲ್ಲ, ಪಕ್ಕಕ್ಕೆ ನೋಡುತ್ತಿದ್ದಾಳೆ. ನಿಮ್ಮನ್ನೇ ನೋಡುತ್ತಿದ್ದಾಳೆ ಅಣ್ಣ.

ಚಿದಾನಂದ